ಕೋರಾಳ ಹಾಸಿಗೆ

"ಹೊಸದು ಅಂತ ಗೊತ್ತಾಗುತ್ತಾ?"

ತಾಯಿಯ ಮನೆಯ ಬಚ್ಚಲಲ್ಲಿ ಒಬ್ಬನೇ ನಿಂತಿದ್ದ ರೋಲಂಡ್ ಗೇನ್ಸ್ ತನ್ನನ್ನೇ ಕೇಳಿಕೊಂಡ. ಮಗಳಿಗೆಂದು ಕೊಂಡ ಹಲ್ಲುಜ್ಜುವ ಬ್ರಷ್ಷನ್ನು ನಲ್ಲಿಗೆ ಹಿಡಿದು ನೆನೆಸಿದ. ಹೆಬ್ಬೆರಳಿನಿಂದ ಅದರ ಎಳೆಗಳನ್ನು ಅಡ್ಡಾದಿಡ್ಡಿ ಒತ್ತಿದ. ತಾಯಿಯ ಬ್ರಷ್ಷಿದ್ದ ಲೋಟದಲ್ಲೇ ಇಟ್ಟ.

ಮಗಳು ಕೋರಾ ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ನಗರದ ಇನ್ನೊಂದು ತುದಿಯಲ್ಲಿ, ಮರಗಳ ಸಾಲಿನ ರಸ್ತೆಯಲ್ಲಿ, ಅವಳಿಗೆ ತನ್ನದೇ ಕೋಣೆ ಇತ್ತು. ಎಲ್ಲರೂ ಹಂಬಲಿಸುವ, ಮ್ಯಾಗ್ನೆಟ್ ಎಂಬ ವಿಶೇಷ ಶಾಲೆ ಊರಿನ ಎಲ್ಲ ಕಡೆಯ ಮಕ್ಕಳನ್ನೂ ಚೀಟಿ ಎತ್ತಿ ಸೇರಿಸಿಕೊಳ್ಳುತ್ತಿತ್ತು. ಕೋರಾಳ ಹೆಸರು ಬರಲಿಲ್ಲ. ಬಡವರೇ ಇರುವ ಈ ಪಶ್ಚಿಮ ಭಾಗದ ಮಕ್ಕಳಿಗೆಂದು ಕೆಲವು ಸೀಟುಗಳನ್ನು ಬೇರೆ ತೆಗೆದಿಟ್ಟಿದ್ದರು. ರೋಲಂಡ್ ಮಗಳ ವಿಳಾಸವೆಂದು ಅವಳ ಅಜ್ಜಿಯ ಈ ಮನೆಯ ವಿಳಾಸ ಕೊಟ್ಟಿದ್ದ. ಅವಳು ನಿಜವಾಗಿ ಇಲ್ಲೇ ಇದ್ದಾಳೆಯೇ ಎಂದು ಸಂಜೆ ಮನೆ ನೋಡಲು ಆ ಶಾಲೆಯವರು ಬರುವವರಿದ್ದರು.

ಬೆಳಿಗ್ಗೆ ಅವನೂ ನೋಡಲು ಹೋಗಿದ್ದ. ತಾಯಿಯ ಮನೆಯೆದುರಿನ ಸರ್ಕಾರಿ ಶಾಲೆಯನ್ನು. ಜಿಲ್ಲೆಯ ಶಾಲೆಗಳನ್ನು ಪರಿಶೀಲಿಸಿ ಅಂಕ ಕೊಡುವುದು ಅವನ ಕೆಲಸ. ಅವನು ಓದಿದ್ದೂ ಅಲ್ಲೇ. ಗೋಡೆಯ ಚಿತ್ರಗಳು ನಿನ್ನೆ ಅಂಟಿಸಿದವು. ಬಾಗಿಲ ನೀಲಿ ಬಣ್ಣ ಇನ್ನೂ ಕೈಗೆ, ಬೂಟಿಗೆ ಹತ್ತುತ್ತಿತ್ತು. ಮಕ್ಕಳು ಸಾಲಾಗಿ ನಿಂತು ಹಾಡಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬರೀ ಬಾಯಿ ಆಡಿಸುತ್ತಿದ್ದಳು.

"ನಮ್ಮವನೇ ಬಂದಿದ್ದೀಯ, ಸ್ವಲ್ಪ ಕನಿಕರ ಇರಲಪ್ಪಾ," ಎಂದಿದ್ದಳು ಪ್ರಿನ್ಸಿಪಾಲ್ ಮಿಸೆಸ್ ಡಾರ್ಸಿ.

"ಬಣ್ಣ ಚೆನ್ನಾಗಿದೆ."

"ಬಣ್ಣಕ್ಕೂ ಮಾರ್ಕ್ಸ್ ಇದೆಯಾ?"

ಇರಲಿಲ್ಲ. ತೋರಿಕೆಗೆ ಅಂಕ ಕಳೆಯಬೇಕೆಂಬ ನಿಯಮವನ್ನು ಅವನೇ ಬರೆದಿದ್ದ. ಈ ಶಾಲೆಯನ್ನು ಮುಚ್ಚಬಹುದು ಎಂದು ವರದಿ ಕಳಿಸಿ, ರಸ್ತೆ ದಾಟಿ ಇಲ್ಲಿಗೆ ಬಂದಿದ್ದ.

ಅಡುಗೆಮನೆಯಲ್ಲಿ ತಾಯಿ ವರ್ಲೀನ್ ಸೊಪ್ಪು ಬೇಯಿಸುತ್ತ ಬೈಬಲಿನ ದಾವೀದನ ಕೀರ್ತನೆಯೊಂದನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಚಿಕ್ಕವನಿದ್ದಾಗ ಆ ದನಿ ಕೇಳಿದರೆ ಸಾಕು, ನಿದ್ದೆ ಬರುತ್ತಿತ್ತು. ಈಗ ಸಾಲುಗಳು ಮಾತ್ರ ನೆನಪಿದ್ದವು.

ಹಿಂದಿನ ಕೋಣೆಯಲ್ಲಿ ಹೊಸ ಪುಟ್ಟ ಮಂಚ, ಗುಲಾಬಿ ಹೊದಿಕೆ. ಒಂದು ಸುಕ್ಕೂ ಇಲ್ಲ. ಇಲ್ಲಿ ಯಾರೂ ಮಲಗಿಲ್ಲವೆಂದು ಅದೇ ಕೂಗಿ ಹೇಳುವಂತಿತ್ತು. ರೋಲಂಡ್ ಮೊಣಕಾಲು ಮಡಿಸಿ, ಮುದುಡಿ, ಅದರ ಮೇಲೆ ಮಲಗಿದ.

"ಬೂಟು ಹಾಕ್ಕೊಂಡೇ ಮಲಗಿದೀಯಲ್ಲೋ! ನಾನು ಇದನ್ನೇ ಕಲಿಸಿದ್ನಾ ನಿಂಗೆ?" ವರ್ಲೀನ್ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು.

ಅವನು ಎದ್ದ.

"ಎದುರಿನ ಶಾಲೆ ಮುಚ್ತೀರಂತೆ?"

"ನಾನೊಬ್ನೇ ತೀರ್ಮಾನ ಮಾಡೋದಲ್ಲಮ್ಮಾ."

"ಒಬ್ಬೊಬ್ರನ್ನ ಕೇಳಿದ್ರೆ ಯಾರೂ ಮಾಡಿರಲ್ಲ. ಹೋಗ್ಲಿ, ಈ ಬೀದಿ ಮಕ್ಕಳು ಆಮೇಲೆ ಎಲ್ಲಿಗೆ ಹೋಗ್ಬೇಕು?"

"ಮ್ಯಾಗ್ನೆಟ್ ಶಾಲೆಗೆ ಅರ್ಜಿ ಹಾಕಬಹುದು."

ಅವನ ವರದಿಯದೇ ವಾಕ್ಯ. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ತಾಯಿ ಹಾಸಿಗೆಯನ್ನು ನೋಡಿದಳು.

ಹೊರಗೆ ಕಾರು ನಿಂತ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ಕರೆಗಂಟೆ.

"ಕೇಳಿದ್ರೆ ಕೋರಾ ಇಲ್ಲೇ ಇರ್ತಾಳೆ ಅನ್ನು, ಅಷ್ಟೇ. ಒಂದೇ ಮಾತು. ಅವಳ ಬದುಕಿನ ಪ್ರಶ್ನೆಯಮ್ಮಾ."

ಗುಲಾಬಿ ಹೊದಿಕೆಯ ನಡುವೆ ತಗ್ಗು ಬಿದ್ದಿತ್ತು. ಮಗುವಿನದಲ್ಲ, ಮೊಣಕಾಲು ಮಡಿಸಿದ, ದೊಡ್ಡ ಗಂಡಸಿನ ತಗ್ಗು. ಕಾಲ ಕಡೆ, ಬೂಟಿನಿಂದ, ಎದುರಿನ ಶಾಲೆಯ ಬಾಗಿಲ ನೀಲಿ ಬಣ್ಣ ಒಂದಿಷ್ಟು ಹತ್ತಿತ್ತು. ವರ್ಲೀನ್ ಅದನ್ನು ಸರಿಪಡಿಸಲು ಬಗ್ಗಲಿಲ್ಲ.

ಕರೆಗಂಟೆ ಮತ್ತೆ ಸದ್ದು ಮಾಡಿತು.

"ನಾನು ಹಾಗನ್ನಲ್ಲ," ಎಂದಳು.