ಏರು ಹತ್ತಿದ ಲಾರಿ

ಜಾಂಬೋಟಿಯಿಂದ ಬೆಳಗಾವಿಗೆ ದಿನಾ ಹಾಲಿನ ಲಾರಿ ಓಡಿಸುತ್ತಿದ್ದ ಹುಸೇನಪೀರನಿಗೆ ಮಳೆಗಾಲವೆಂದರೆ ದಿಗಿಲು. ಕೆಸರಿನ ಏರಿನಲ್ಲಿ ಗಾಲಿ ಜಾರಿ ನಿಂತರೆ ಹಾಲು ದಾರಿಯಲ್ಲೇ ಒಡೆಯುತ್ತಿತ್ತು. ಆ ವರ್ಷ ಹೆಂಡತಿ ದಿಲಶಾದಳೊಂದಿಗೆ ಖಾನಾಪುರದ ಟಾಯರ್ ಅಂಗಡಿಗೆ ಹೋದ. ಆರೂ ಹೊಸ ಟಾಯರು ಕೊಳ್ಳುವ ತಾಕತ್ತಿರಲಿಲ್ಲ. ಅಂಗಡಿಯವ ಆಳವಾದ ಗೀರುಗಳ ಹೊಸ ರಬ್ಬರು ಹೊದಿಸಿದ ಹಳೆಯ ಟಾಯರುಗಳನ್ನೂ ತೋರಿಸಿದ.

"ಲಾರಿ ದಬ್ಬೂದು ಹಿಂದಿನ ಗಾಲಿ ಅಲ್ಲೇನ್ರಿ? ಅವಕ್ಕಷ್ಟ ಈ ಆಳ ಗೀರಿನವು ಹಾಕಸ್ರಿ. ಮುಂದಿನವು ಇನ್ನೂ ಗಟ್ಟಿ ಅದಾವ," ಎಂದಳು ದಿಲಶಾದ. ಹುಸೇನಪೀರನಿಗೂ ಅದು ಖರೇ ಎನಿಸಿತು; ಹಿಂದಿನ ನಾಲ್ಕು ಗಾಲಿಗೆ ಅವನ್ನೇ ಹಾಕಿಸಿದ.

ಮೊದಲ ದೊಡ್ಡ ಮಳೆಯಾದ ಮರುದಿನ ದಾರಿಯಲ್ಲಿ ಅದೇ ಕೆಸರಿನ ಏರು ಬಂತು. ಲಾರಿಯಲ್ಲಿ ಕ್ಯಾನುಗಳ ಜೊತೆ ಕುಳಿತಿದ್ದ ಹಾಲಿನವರು ರೂಢಿಯಂತೆ ನೂಕಲು ಕೆಳಗಿಳಿದರು. ಲಾರಿ ಕೆಸರು ಚಿಮ್ಮಿಸುತ್ತ ತಾನೇ ಏರಿಬಿಟ್ಟಿತು.

"ನಿಂದರಸೊ ಹುಸೇನಪೀರ, ನಾವಿನ್ನ ಹತ್ತಿಲ್ಲ," ಎಂದು ಅವರಲ್ಲೊಬ್ಬ ಮುದುಕ ಮಾಯಪ್ಪ ಧೋತರ ಎತ್ತಿಕೊಂಡು ಹಿಂದೆ ಓಡಿದ.