ಮಂಕು ಮಣಿ

“ದಿನಾ ಮುಂಜಾನೆ ಮೊದಲ ನಿನ್ನ ಕೇಳತೇನಿ. ನೀ ಒಲ್ಲೆ ಅಂದ್ರ ಒಬ್ಬರ ರಕ್ತಾನೂ ಯಂತ್ರಕ್ಕ ಹಾಕಂಗಿಲ್ಲ.” ನಾನು ಹುಟ್ಟಿದ ದಿನ ನೀಲಗಂಗಾ ಕೊಟ್ಟ ಮಾತು ಇದು.

ನಾನೊಂದು ತಂತ್ರಾಂಶ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ರಕ್ತದ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿಗೆ ಹಿಡಿದು ನೋಡುವ ಫ್ಲೋ ಸೈಟೋಮೀಟರ್ ಎಂಬ ಯಂತ್ರವಿತ್ತು. ಅದರ ಕಣ್ಣು ಎಷ್ಟು ಚುರುಕೆಂದು ಅಳೆಯಲು ಅದನ್ನು ನಡೆಸುವ ನೀಲಗಂಗಾ ನನ್ನನ್ನು ಬರೆದಳು. ಮುಂಜಾನೆ ಹೊಳೆಯುವ ಸಣ್ಣ ಮಣಿಗಳ ನೀರನ್ನು ಯಂತ್ರಕ್ಕೆ ಕುಡಿಸುವಳು. ಎಲ್ಲಕ್ಕಿಂತ ಮಂಕಾದ ಮಣಿ, ಹೊಳಪೇ ಇಲ್ಲದ ಮಣಿಯಿಂದ ಬೇರೆಯಾಗಿ ಕಂಡರೆ ನಾನು ‘ಸರಿ’ ಎನ್ನುವೆ. ಅಷ್ಟಾದ ಮೇಲೆ ನನ್ನ ತೆರೆ ಆರಿಸಿಬಿಡುವಳು. ಆಮೇಲೆ ಯಾರ ರಕ್ತ ಬಂತು, ಯಾರು ಅತ್ತರು, ನನಗೆ ಯಾರು ಹೇಳುತ್ತಾರೆ?

ಒಂದು ದಿನ ಆ ಎರಡು ಮಣಿಗಳೂ ಒಂದೇ ಬಗೆ ಕಂಡವು. ‘ಇಲ್ಲ’ ಎಂದೆ. ಅಂದು ಒಬ್ಬ ಹುಡುಗಿಯ ಪರೀಕ್ಷೆ. ಕ್ಯಾನ್ಸರಿನ ಕಣ ಕಾಣದಿದ್ದರೆ ಅವಳ ಔಷಧ ನಿಲ್ಲಿಸುವವರಿದ್ದರು. ಅವಳ ಅಪ್ಪ ಬಾಗಿಲಲ್ಲೇ ನಿಂತಿದ್ದ.

“ವೋಲ್ಟೇಜ್ ಏರಸ್ರಿ, ಎಲ್ಲಾ ಕಾಣತದ,” ಎಂದರು ಇನಾಮದಾರ ಡಾಕ್ಟರು. ನೀಲಗಂಗಾ ಯಂತ್ರದ ಕಣ್ಣಿಗೆ ವಿದ್ಯುತ್ ಏರಿಸಿದಳು. ತೆರೆಯ ತುಂಬ ಬೆಳಕೋ ಬೆಳಕು. ಆದರೆ ಮಂಕು ಮಣಿಯ ಜೊತೆಗೆ ಹೊಳಪಿಲ್ಲದ ಮಣಿಯೂ ಬೆಳಗಿತ್ತು, ಎರಡೂ ಬೇರೆಯಾಗಲಿಲ್ಲ. ಮತ್ತೆ ‘ಇಲ್ಲ’ ಎಂದೆ.

“ನಿಮ್ಮ ಕೂಸು ನಿಮ್ಮಷ್ಟ ಹಟಮಾರಿ ಐತಿ ನೋಡ್ರಿ!”

“ಹಟಾ ಅಲ್ರಿ ಸರ್. ಯಂತ್ರಕ್ಕ ಇವತ್ತ ಕಣ್ಣ ಕಾಣವಲ್ದು. ಕಾಣದ್ದಕ್ಕ ‘ಏನೂ ಇಲ್ಲ’ ಅಂತ ಬರದು ಕೊಡ್ಲೇನ್ರಿ?”

ಡಾಕ್ಟರು ಫೋನ್ ಎತ್ತಿದರು. ರಿಪೇರಿಯವನು ಬಂದು ಒಳಗಿನ ಕೊಳವೆಗೆ ಕಟ್ಟಿದ್ದ ಕೊಳೆ ತೆಗೆದ. ಮಧ್ಯಾಹ್ನ ‘ಸರಿ’ ಎಂದೆ, ನನ್ನ ತೆರೆ ಆರಿಸಿದಳು. ಸಂಜೆ ಬಾಗಿಲ ಕಡೆಯಿಂದ ದನಿಗಳಷ್ಟೇ ಕೇಳಿದವು.

“ಏನಾತ್ರಿ ಸಾಹೇಬ್ರ?”

“ಕ್ಯಾನ್ಸರಿನ ಕಣ ಒಂದೀಟು ಉಳದಾವ ನೋಡಪಾ,” ಡಾಕ್ಟರ ದನಿ ತಗ್ಗಿತ್ತು. “ಔಷಧ ಬಿಡೂದು ಬ್ಯಾಡ. ಗೊತ್ತಾತಲ್ಲ, ಅದ ಚಲೋ ಆತು.”

ಆ ಹುಡುಗಿ ಈಗ ಹೇಗಿದ್ದಾಳೋ. ಯಾರೂ ಹೇಳಲಿಲ್ಲ.

ವರ್ಷಗಳಾದವು. ತನ್ನನ್ನು ತಾನೇ ಅಳೆದುಕೊಳ್ಳುವ ಹೊಸ ಯಂತ್ರ ಬಂತು. ಹಳೆಯದನ್ನೂ ನನ್ನ ಕಂಪ್ಯೂಟರನ್ನೂ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದರು. ಆ ಬಟ್ಟೆಯ ಕೆಳಗೆ ನನ್ನನ್ನು ಕೇಳುವವರಿರಲಿಲ್ಲ.

ಮೊನ್ನೆ ಹೊಸದು ಕೆಟ್ಟಿತು. ಯಾರದೋ ರಕ್ತ ಕಾದಿತ್ತು. “ಹಳೇದರಾಗ ಹಾಕೋಣೇನ್ರಿ?” ಎಂದ ಡಾಕ್ಟರು ತಾವೇ ನಕ್ಕು, “ಮೊದಲ ನಿಮ್ಮ ಕೂಸನ್ನ ಕೇಳ್ರಿ,” ಎಂದರು.

ನೀಲಗಂಗಾ ಬಟ್ಟೆ ತೆಗೆದಳು. ಕೂದಲು ನರೆತಿತ್ತು. ಮಣಿಗಳ ಶೀಶೆ ಅಲುಗಿಸಿದಳು, ಯಂತ್ರಕ್ಕೆ ಕುಡಿಸಿದಳು, ನನ್ನ ಮುಂದೆ ಕೂತಳು. ‘ಸರಿ’ ಎಂದರೆ ನಾಳೆಯೂ ಕೇಳುತ್ತಾಳೆ ಎಂಬ ಆಸೆ ನನಗೂ ಇತ್ತು. ಮಂಕು ಮಣಿ ಬೇರೆಯಾಗಲಿಲ್ಲ.

‘ಇಲ್ಲ’ ಎಂದೆ.

“ಆತು ಬಿಡವಾ,” ಎಂದು ಸ್ವಿಚ್ಚಿಗೆ ಕೈ ಹಾಕಿದಳು. ರಕ್ತವನ್ನು ಬೇರೆ ಆಸ್ಪತ್ರೆಗೆ ಕಳಿಸಿದರು. ಆಕೆ ಕೊಟ್ಟ ಮಾತು ನಡೆಸಿದಳು.