ಬರಿ ಮೂಗು

ಏಸಿಯ ಗಾಳಿ ಎಡ ಮೂಗಿನ ಸಣ್ಣ ತೂತಿನೊಳಗೆ ತಣ್ಣಗೆ ಹೊಕ್ಕ ಹಾಗಾಯಿತು, ನಿಜವಾಗಿ ಹೊಕ್ಕಿತೋ ಬರೀ ಭ್ರಮೆಯೋ, ಮೂಗುಬೊಟ್ಟು ಇದ್ದಾಗ ಒಂದು ದಿನವೂ ನೆನಪಿಗೆ ಬಾರದ ಜಾಗ ಈಗ ಇಡೀ ಮುಖವೇ ತಾನೆಂಬಂತೆ ಕೂತಿದೆ, ದಾಕ್ಷಾಯಣಿಯ ಬೆರಳು ಮತ್ತೆ ಅಲ್ಲಿಗೇ ಹೋಗುತ್ತದೆ, ಬೇಡ, ಮುಟ್ಟಿ ಮುಟ್ಟಿ ಕೆಂಪಾದರೆ ಕ್ಯಾಮೆರಾದಲ್ಲಿ ಕಾಣುತ್ತದೆ — ಯಾವ ಕ್ಯಾಮೆರಾ, ಅದು ಅವಳ ಕಡೆ ತಿರುಗಿಯೇ ಇಲ್ಲವಲ್ಲ. ಮೇಡಂ, ನೀವು ಇಲ್ಲಿ ಕ್ಯಾಮೆರಾ ಪಕ್ಕ ಕೂತ್ಕೊಳ್ಳಿ, ಗಂಡನ ಮಾತು ನೀವು ಹೇಳ್ತಾ ಹೋಗಿ, ಗಿರಿಜವ್ವನದು ಜಾಯ್ಸ್ ಹೇಳ್ತಾರೆ, ಎಂದು ನಿರ್ದೇಶಕ ಸಂದೀಪ ಎಷ್ಟು ಮರ್ಯಾದೆಯಿಂದ ಹೇಳಿದ, ಬೆಂಗಳೂರಿನವನು, ಕುರ್ಚಿ ತಾನೇ ಎಳೆದು ಕೊಟ್ಟ, ಸುಲೈಮಾನಿ ಚಹಾ ತರಿಸಿದ, ಇಷ್ಟು ಮರ್ಯಾದೆ ಮಾಡಿದವನ ಮುಂದೆ ನಾನು ಬಂದದ್ದೇ ಗಿರಿಜವ್ವ ಆಗಲಿಕ್ಕೆ ಎಂದು ಬಾಯಿ ಬಿಡುವುದು ಹೇಗೆ. ತಪ್ಪು ಅವನದೂ ಅಲ್ಲ. ಫೋನಿನಲ್ಲಿ ಅಂದದ್ದು ಇಷ್ಟೇ, ನಿಮ್ಮ ನಾಟಕದ ವಿಡಿಯೋ ನೋಡಿದ್ವಿ ಮೇಡಂ, ಮಾತು ತುಂಬಾ ಚೆನ್ನಾಗಿದೆ, ಶನಿವಾರ ಫೋರ್ಟ್ ಕೊಚ್ಚಿಗೆ ಬನ್ನಿ, ಕಾದಂಬರಿಯ ಕೊನೇ ಅಧ್ಯಾಯದ ಸೀನಿಗೆ ಸ್ಕ್ರೀನ್ ಟೆಸ್ಟ್ ಮಾಡ್ತಿದೀವಿ. ಮಾತು ಚೆನ್ನಾಗಿದೆ ಅಂದರೆ ಮಾತಷ್ಟೇ ಸಾಕು ಅಂತ ಯಾರಿಗೆ ಹೊಳೆಯಬೇಕು, ಅವಳಿಗಂತೂ ಹೊಳೆಯಲಿಲ್ಲ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿಕೊಂಡು ತಿರುವನಂತಪುರದಿಂದ ರೈಲು ಹತ್ತಿದಳು, ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು ಬೇರೆ, ಸಿನಿಮಾ ಚೇಚಿ, ಸಿನಿಮಾ ಅಕ್ಕ, ಎಂದು ಅವರು ಆಗಲೇ ರೇಗಿಸತೊಡಗಿದ್ದರು, ಸೋಮವಾರ ಅವರ ಮುಖ ಹೇಗೆ ನೋಡಲಿ.

ಮುಖ ಹಾಳಾಗಲಿ, ಮೂಗು. ಕೊಲ್ಲಂ ದಾಟಿದ ಮೇಲೆ ರೈಲಿನ ಕನ್ನಡಿಯ ಮುಂದೆ ನಿಂತು ತಿರುಪು ಬಿಚ್ಚಿದ್ದು, ಮದುವೆಯಾದಂದಿನಿಂದ ಅಲುಗದ ತಿರುಪು, ಸೋಪು ಹಚ್ಚಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ಬೊಟ್ಟು ಅಂಗೈಗೆ ಬಿದ್ದಾಗ ಅವ್ವ ಧಾರವಾಡದಿಂದಲೇ ನೋಡಿಬಿಟ್ಟಳೇನೋ ಅನ್ನಿಸಿತು, ಗಂಡ ಗಟ್ಟಿ ಇರೂತನಕ ಮೂಗ ಬರಿದ ಮಾಡಬ್ಯಾಡವಾ ತಂಗಿ. ಗಂಡ ಗಟ್ಟಿಯೇ ಇದ್ದಾನೆ, ಗಣಪತಿ, ಬೆಳಿಗ್ಗೆ ಸ್ಟೇಷನ್ನಿಗೆ ಬಿಟ್ಟು, ಪಾತ್ರ ಸಿಕ್ಕs ಸಿಗತೈತಿ ತಗೋ, ನಿನಗ ಬಿಟ್ಟ ಮತ್ಯಾರಿಗೆ ಕೊಡತಾರ ಅಂದ, ಪಾಪ. ಅವನಿಗೂ ಹೇಳಿರಲಿಲ್ಲ ಬೊಟ್ಟು ತೆಗೆಯುತ್ತೇನೆಂದು. ತೆಗೆಯಲೇಬೇಕಿತ್ತು, ಕಾದಂಬರಿ ಓದಿದವರಿಗೆಲ್ಲ ಗೊತ್ತು, ಪಿಯುಸಿಯಲ್ಲಿ ಪಾಠವಾಗಿದ್ದಾಗ ಮೇಷ್ಟ್ರು ಕೊನೇ ಅಧ್ಯಾಯ ಓದುವಾಗ ತರಗತಿ ಉಸಿರು ಬಿಟ್ಟಿರಲಿಲ್ಲ, ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದಿದ್ದಾನೆ, ಗಿರಿಜವ್ವ ಅಳುವುದಿಲ್ಲ, ಬಯ್ಯುವುದಿಲ್ಲ, ಮೂಗಿನ ಬೊಟ್ಟು ಬಿಚ್ಚಿ ಅವನ ಕೈಗಿಡುತ್ತಾಳೆ, ಬಟ್ಟ ನಿಂದು, ಮೂಗ ನಂದು. ತಿರುವನಂತಪುರದ ಕನ್ನಡ ಸಂಘದ ನಾಟಕದಲ್ಲಿ ದಾಕ್ಷಾಯಣಿಯೇ ಗಿರಿಜವ್ವ, ಆದರೆ ಅಂದು ತೆಗೆದಂತೆ ಮಾಡಿದ್ದಳಷ್ಟೇ, ಅಂಗೈಯಲ್ಲಿ ಮೊದಲೇ ಇನ್ನೊಂದು ಬೊಟ್ಟು ಅಡಗಿಸಿಟ್ಟುಕೊಂಡು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಅವಳಿಗೆ ಮಾತ್ರ ನಾಚಿಕೆ, ಮೂಗಿನ ಮೇಲೆ ಬೊಟ್ಟು ಮಿನುಗುತ್ತಲೇ ಇತ್ತಲ್ಲ. ಈ ಸಲ ಸುಳ್ಳು ಬೇಡ ಅಂದುಕೊಂಡಳು. ಈ ಸಲ ಖರೇ.

ರೆಡಿ ಮೇಡಂ, ಎಂದ ಸಂದೀಪ. ಯಾಕ ತಗದಿ, ಎಂದಳು ದಾಕ್ಷಾಯಣಿ, ಗಂಡನ ದನಿಯಲ್ಲಿ, ಯಾರ ಸತ್ತಾರಂತ ಮೂಗ ಬರಿದ ಮಾಡಕೊಂಡಿ — ಹೇಳುತ್ತಿದ್ದಂತೆ ಹೊಳೆಯಿತು, ಇವತ್ತು ಸಂಜೆ ಗಣಪತಿ ಇದನ್ನೇ ಕೇಳುತ್ತಾನೆ, ಆಗ ಏನು ಹೇಳಲಿ, ಗಂಡನ ಪಾರ್ಟು ಓದಲಿಕ್ಕೆ ತೆಗೆದೆ ಅನ್ನಲೇ. ಎದುರಿಗೆ ಮಲಯಾಳಂ ನಟಿ ಜಾಯ್ಸ್, ಕೇರಳವೆಲ್ಲ ಬಲ್ಲ ಮುಖ, ಕನ್ನಡ ಬಾರದು, ಚೇಚಿ, ಒನ್ನು ಕೂಡಿ ಪರಯಾಮೋ ಎಂದು ಕೈಮುಗಿದು ಇನ್ನೊಮ್ಮೆ ಹೇಳಿಸಿಕೊಂಡಳು, ಬಟ್ಟ ನಿಂದು, ಮೂಗ ನಂದು, ಹೇಳಿಕೊಡುತ್ತ ಹೇಳಿಕೊಡುತ್ತ ದಾಕ್ಷಾಯಣಿ ಬಯಸಿದಳು, ಇವಳಿಗೆ ಬಾರದಿರಲಿ ದೇವರೇ, ಸೋಲಲಿ, ಸಂದೀಪ ತಲೆ ಕೆರೆದು ಇತ್ತ ತಿರುಗಲಿ — ಆದರೆ ಜಾಯ್ಸ್ ಕಣ್ಣೆತ್ತಿದಳು, ಅಷ್ಟೇ, ಮಾತು ತೊದಲಿತು, ಕಣ್ಣು ತೊದಲಲಿಲ್ಲ, ಗಿರಿಜವ್ವ ಅಲ್ಲಿ ಬಂದು ಕೂತೇಬಿಟ್ಟಳು, ಸುಳ್ಳು ಹೇಳಿ ಏನು ಪ್ರಯೋಜನ. ಡಬ್ಬಿಂಗೂ ನೀವೇ ಮಾಡ್ಕೊಡಿ ಮೇಡಂ, ಮುಖ ಅವರದು, ದನಿ ನಿಮ್ದು, ಎಂದ ಸಂದೀಪ, ದೊಡ್ಡದೇನೋ ಕೊಡುವವನ ಹಾಗೆ, ಕೊಟ್ಟದ್ದೂ ಹೌದು, ಹಾಗಾದರೆ ಅವ್ವ ಥಿಯೇಟರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತು ಮಗಳ ಸಿನಿಮಾ ನೋಡಬೇಕು.

ಹ್ಞೂಂ ಅಂದಳೋ ಇಲ್ಲವೋ, ಅಷ್ಟರಲ್ಲಿ ಗದ್ದಲ, ಜಾಯ್ಸಳದು ಕ್ಲಿಪ್ಪಿನ ಬೊಟ್ಟು, ಚುಚ್ಚಿಸಿದ ಮೂಗೇ ಅಲ್ಲ, ತೆಗೆದರೆ ಚರ್ಮ ನುಣ್ಣಗೆ, ಕ್ಲೋಸಪ್ಪಿನಲ್ಲಿ ಮೋಸ ಕಾಣುತ್ತದೆ. ಮೇಕಪ್ಪಿನ ಅಲ್ವಿನ್ ಅತ್ತಿತ್ತ ನೋಡಿದ, ಅವನ ಕಣ್ಣು ದಾಕ್ಷಾಯಣಿಯ ಮುಖದ ಮೇಲೆ ನಿಂತಿತು, ಬೆಳಗಿನಿಂದ ಯಾರೂ ನೋಡದ ಮುಖ, ಅವನು ಹತ್ತಿರ ಬಂದು ಗಲ್ಲ ಹಿಡಿದೆತ್ತಿ ಫೋನಿನ ಟಾರ್ಚ್ ಬಿಟ್ಟ, ಅಲುಗಾಡಬೇಡಿ ಚೇಚಿ, ಅವಳು ಅಲುಗಾಡಲಿಲ್ಲ, ಮುಟ್ಟಿ ಮುಟ್ಟಿ ಕೆಂಪಾದ ಆ ತೂತನ್ನು ಅವನು ನೋಡಿ ನೋಡಿ, ಅತ್ತ ಹೋಗಿ, ಕಂದು ಪೆನ್ಸಿಲಿನ ತುದಿಯಿಂದ ಜಾಯ್ಸಳ ಎಡ ಮೂಗಿನ ಮೇಲೆ ಒಂದು ಚುಕ್ಕೆ ಇಟ್ಟ, ಸುತ್ತ ಕೆಂಪೂ ಹಚ್ಚಿದ, ಥೇಟ್. ಪರ್ಫೆಕ್ಟ್, ಎಂದ ಸಂದೀಪ. ದಾಕ್ಷಾಯಣಿಯ ಕೈ ಪರ್ಸಿನೊಳಗೆ ಬೊಟ್ಟನ್ನು ತಡಕಿತು, ಸಿಕ್ಕಿತು, ಹಾಕಿಕೊಂಡುಬಿಡಲೇ ಈಗಲೇ — ಮೇಡಂ, ನಿಮ್ಮ ಮಾತು — ಯಾಕ ತಗದಿ, ಅನ್ನಬೇಕು, ಅಷ್ಟೇ ತನ್ನ ಕೆಲಸ, ಯಾಕ ತಗ, ಎದುರಿನ ಪರದೆಯಲ್ಲಿ ಜಾಯ್ಸಳ ಕೈಯಗಲದ ಮೂಗು, ಅದರ ಮೇಲೆ ತನ್ನದೇ ಚುಕ್ಕೆ, ಯಾಕ, ಆ ಚುಕ್ಕೆ, ಮೇಡಂ, ಹೇಳಿ ಮೇಡಂ, ಆ ಚುಕ್ಕೆ.